ಹೊರಟದ್ದೆಲ್ಲ ಮಾರಾಟ

ಕಂಪನಿ ಕಳಿಸಿದ್ದ ಕಂಪ್ಯೂಟರ್‌ಗಳಲ್ಲಿ ಒಂದು ಪೆಟ್ಟಿಗೆಯ ಅಂಟುಪಟ್ಟಿಯೂ ಹರಿದಿರಲಿಲ್ಲ. ತೊಂಬತ್ತರ ದಶಕದಲ್ಲಿ ಸಿಂಧನೂರಿನ ಆ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಪತ್ರ ಟೈಪ್ ಮಾಡುತ್ತಿದ್ದೆ. ಮಾಲೀಕರು ಹೋಗುತ್ತ ಬರುತ್ತ ಪೆಟ್ಟಿಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಹೋಗ್ತಾವ, ತಡಿಯವ್ವಾ" ಎನ್ನುತ್ತಿದ್ದರು. ಅಂಗಡಿ ತುಂಬಿ, ಅದರ ಹಿಂದೆಯೇ ಇದ್ದ ಅವರ ಮನೆಯ ಅಡುಗೆಕೋಣೆಗೂ ಪೆಟ್ಟಿಗೆಗಳು ಬಂದಿದ್ದವು. ಅವರ ಹೆಂಡತಿ ಹಿತ್ತಲಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದರು.

ಕಂಪನಿ ತನ್ನ ಗೋದಾಮಿನಿಂದ ಹೊರಟದ್ದನ್ನೆಲ್ಲ ಮಾರಾಟವೆಂದೇ ಎಣಿಸುತ್ತಿತ್ತು. ಮಾರ್ಚಿನಲ್ಲಿ ಅದರ ಪ್ರತಿನಿಧಿ ಹಾರ ಹಿಡಿದು ಬಂದ.

"ಜಿಲ್ಲಾಕ್ಕ ನೀವೇ ಫಸ್ಟ್, ಸಾವ್ಕಾರ್ರ! ಇನ್ನ ಹತ್ತು ಕಳಸೂಣೇನ್ರಿ?"

ಹಿತ್ತಲಿಂದ ಹೆಂಡತಿಯ ದನಿ ಬಂತು: "ಹಾರ ಆ ಪೆಟ್ಟಿಗಿಗೆ ಹಾಕ್ರಿ. ಈಗ ಅವೇ ಮನಿ ಯಜಮಾನ್ರಾಗ್ಯಾವ."

ಬೇಡವೆಂದರೆ ಏಜೆನ್ಸಿ ಲಿಂಗಸುಗೂರಿನ ಅಂಗಡಿಯವರ ಪಾಲಾಗುತ್ತಿತ್ತು. ಮಾಲೀಕರು ನಗುತ್ತಲೇ ಹಾರಕ್ಕೆ ಕೊರಳು ಕೊಟ್ಟರು.

"ಕಳಸ್ರಿ. ನಾಳಿ ಪತ್ರ ಹಾಕ್ತೀವಿ."

ಅವನು ಹೋದ ಮೇಲೆ ನನ್ನತ್ತ ನೋಡದೆ ಕೇಳಿದರು: "ಒಂದೂ ಮಾರಿಲ್ಲಂತ ಖರೇನೇ ಬರದ್ರ ಏನಾಗ್ತದವ್ವಾ?"

ನಾನು ಹಳೆಯ ಬೇಡಿಕೆಪತ್ರದ ಪ್ರತಿ ಹುಡುಕತೊಡಗಿದೆ.

ಮರುದಿನ ಬೆಳಿಗ್ಗೆ ಹತ್ತು ಪೆಟ್ಟಿಗೆಗಳ ಬೇಡಿಕೆಪತ್ರ ಟೈಪ್ ಮಾಡಿದೆ. ಕಾರಣ ಬರೆಯುವ ಜಾಗದಲ್ಲಿ, ಅವರು ಹೇಳದಿದ್ದರೂ, "ಗಿರಾಕಿಗಳು ಕಾಯುತ್ತಿದ್ದಾರೆ" ಎಂದು ನಾನೇ ಸೇರಿಸಿದೆ.