ಉಜ್ವಲಾ ಮ್ಯಾಡಮ್ ಅರ್ಜಿ ಹಾಕಿದ್ದು

ಸಾಂಗಲಿಯ ಒಂದು ಕಾಲೇಜಿನಲ್ಲಿ ಉಜ್ವಲಾ ಕುಂಭಾರ ಒಂಬತ್ತು ವರ್ಷಗಳಿಂದ ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ನೌಕರಿಗೆ ತಯಾರು ಮಾಡುತ್ತಿದ್ದಳು. ಅರ್ಜಿ ಬರೆಯುವುದು, ಸಂದರ್ಶನಕ್ಕೆ ಕೂರುವುದು, ಕಂಪನಿಯವರು ಆರೆಂಟು ಮಂದಿಯನ್ನು ಮೇಜಿನ ಸುತ್ತ ಕೂರಿಸಿ, ಒಂದು ವಿಷಯ ಕೊಟ್ಟು, ಯಾರು ಹೇಗೆ ಮಾತಾಡುತ್ತಾರೆಂದು ನೋಡುವ ಗುಂಪು ಚರ್ಚೆ, ಎಲ್ಲವೂ ಅವಳ ಪಾಲಿನದು.

ಅವಳು ಓದಿದ್ದು ಮರಾಠಿ ಮಾಧ್ಯಮದಲ್ಲಿ. ಕಾಲೇಜಿಗೆ ಬಂದದ್ದು ರಸಾಯನಶಾಸ್ತ್ರದ ಪ್ರಯೋಗಶಾಲೆಯ ಸಹಾಯಕಿಯಾಗಿ. ಕಂಪನಿಯವರು ಬಂದ ದಿನ ಚಹಾದ ವ್ಯವಸ್ಥೆಗೆ ಅವಳನ್ನೇ ಹಾಕುತ್ತಿದ್ದರು. ಯಾರನ್ನು ಆರಿಸಿದರು, ಯಾರನ್ನು ಬಿಟ್ಟರು, ಯಾಕೆ ಎಂದು ಗೋಡೆಗೊರಗಿ ನಿಂತು ನೋಡುತ್ತ ಕಲಿತಳು. ಹುಡುಗರು ಕೇಳತೊಡಗಿದರು, ಇವಳು ಹೇಳತೊಡಗಿದಳು. ಪ್ರಾಚಾರ್ಯರು ಒಂದು ಕೋಣೆ ಕೊಟ್ಟರು. ಕೆಲಸ ಮಾತ್ರ ವರ್ಷಕ್ಕೊಮ್ಮೆ ಕಾಗದ ಬದಲಾಗುವ ಗುತ್ತಿಗೆಯದೇ ಆಗಿ ಉಳಿಯಿತು.

ಈ ವರ್ಷ ಆ ಹುದ್ದೆ ಕಾಯಂ ಆಯಿತು. ಆದರೆ ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ಮೊದಲು ಗುಂಪು ಚರ್ಚೆ, ಆಮೇಲೆ ಸಂದರ್ಶನ. ನಲವತ್ತಮೂರರ ಉಜ್ವಲಾ ಜಾಹೀರಾತನ್ನು ಎರಡು ಸಲ ಓದಿ ಮಡಚಿಟ್ಟಳು. ಜೀವಮಾನದಲ್ಲಿ ಒಮ್ಮೆಯೂ ಅವಳು ಗುಂಪು ಚರ್ಚೆಗೆ ಕೂತವಳಲ್ಲ.

ವಾರವಾದರೂ ಅವಳು ಅರ್ಜಿ ಹಾಕದ್ದು ಹುಡುಗರಿಗೆ ಗೊತ್ತಾಯಿತು. ತಬಸ್ಸುಮ್ ಮುಜಾವರ್ ಎಂಬ ಹುಡುಗಿ ಮೇಜಿನ ಮೇಲೆ ಮ್ಯಾಡಮ್ ಅರ್ಧ ಬರೆದಿಟ್ಟಿದ್ದ ಅರ್ಜಿಯ ಹಾಳೆ ಎತ್ತಿಕೊಂಡು ಜೋರಾಗಿಯೇ ಓದಿದಳು.

"ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುವವಳು... ಏನ್ರಿ ಮ್ಯಾಡಮ್ ಇದು? ನಾನು ಹಿಂಗ ಬರದಾಗ ಕೆಂಪು ಪೆನ್ನಿಲೆ ಗೀಚಿ ಹಾಕಿದ್ರಲ್ಲ!"

"ಮತ್ತ ಏನ್ ಬರೀಲಿ? ನನ್ನ ಹತ್ರ ಏನದ?"

"ಏನ್ ಮಾಡೀರಿ ಅದನ್ನ ಬರೀರಿ. ಇದೂ ನಿಮ್ಮ ಮಾತೇ," ಎಂದ ಧೈರ್ಯಶೀಲ. ಅವನು ಎರಡು ಸಂದರ್ಶನದಲ್ಲಿ ಸೋತು, ಈಗ ಮೂರನೆಯದಕ್ಕೆ ತಯಾರಾಗುತ್ತಿದ್ದ ಹುಡುಗ.

ಹಳೆಯ ವಿದ್ಯಾರ್ಥಿಗಳಿಗೆಲ್ಲ ಅವರಿಬ್ಬರೇ ಫೋನು ಹಚ್ಚಿದರು. ನಾಲ್ಕು ದಿನದಲ್ಲಿ ಇನ್ನೂರ ಅರವತ್ತು ಹೆಸರು ಬಂದವು. ಎಲ್ಲರೂ ಆ ಕೋಣೆಯಲ್ಲಿ ಕೂತು ಕಲಿತು ಕೆಲಸಕ್ಕೆ ಸೇರಿದವರು. ಉಜ್ವಲಾ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಹೆಸರಿನ ಹತ್ತಿರ ನಿಲ್ಲಿಸಿದಳು. "ಈ ಶಿರೋಳದ ಹುಡುಗ ಮಾತೇ ಆಡತಿರಲಿಲ್ಲ," ಎಂದಷ್ಟೇ ಅಂದಳು. ಆ ಪಟ್ಟಿಯೊಂದಿಗೆ ಅರ್ಜಿ ಹೋಯಿತು.

ಆಮೇಲೆ ಎರಡು ವಾರ ದಿನಾ ಸಂಜೆ ಹುಡುಗರ ಜೊತೆ ಗುಂಪು ಚರ್ಚೆಯ ಅಭ್ಯಾಸ. ಉಜ್ವಲಾಳ ತೊಂದರೆ ಮೊದಲ ದಿನವೇ ಗೊತ್ತಾಯಿತು. ಎದುರಿನವರು ಮಾತು ಮುಗಿಸಲಿ ಎಂದು ಅವಳು ಕಾಯುವಳು. ಇವರೋ ಮುಗಿಸುತ್ತಲೇ ಇರಲಿಲ್ಲ. ಹದಿನೈದು ನಿಮಿಷದಲ್ಲಿ ಅವಳ ಬಾಯಿಂದ ಬಂದದ್ದು ಒಂದೇ ವಾಕ್ಯ.

"ಮ್ಯಾಡಮ್, ನೀವೇನು ಬಸ್ ಕಾಯಾಕ ಬಂದೀರೇನ್ರಿ?" ಎಂದು ಧೈರ್ಯಶೀಲ ಕೆಣಕಿದ.

"ಹಿರಿಯರ ಮಾತಿನ ನಡುವ ಬಾಯಿ ಹಾಕಬಾರದು ಅಂತ ನಮ್ಮಾಯಿ ಕಲಿಸ್ಯಾಳಪ್ಪಾ."

"ಇಲ್ಲಿ ಹಿರಿಯರು ನೀವೇ ಅದೀರಿ," ಎಂದಳು ತಬಸ್ಸುಮ್. "ಹಾಕ್ರಿ ಬಾಯಿ!"

ಕೋಣೆ ತುಂಬ ನಗು. ಉಜ್ವಲಾಳಿಗೂ ನಗು ತಡೆಯಲಾಗಲಿಲ್ಲ. ಮರುದಿನ ಒಮ್ಮೆ ಬಾಯಿ ಹಾಕಿದಳು, ಅದರ ಮರುದಿನ ಎರಡು ಸಲ.

ಚರ್ಚೆಯ ದಿನ ಆರು ಮಂದಿ ಇದ್ದರು. ವಿಷಯ, ತರಗತಿಗೆ ಹಾಜರಾತಿ ಕಡ್ಡಾಯವಿರಬೇಕೇ ಎಂಬುದು. ಪುಣೆಯಿಂದ ಬಂದ ಟೈ ಕಟ್ಟಿದ ತರುಣನೊಬ್ಬ ಸೊಗಸಾದ ಇಂಗ್ಲಿಷಿನಲ್ಲಿ, ತಪ್ಪಿಸಿಕೊಳ್ಳುವವರು ಸೋಮಾರಿಗಳು, ಅವರನ್ನು ಪರೀಕ್ಷೆಗೆ ಕೂರಿಸಲೇಬಾರದು ಎಂದು ಒಂದೇ ಸಮನೆ ಹೇಳುತ್ತಿದ್ದ. ಉಜ್ವಲಾ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಅವನು ಉಸಿರು ತೆಗೆದುಕೊಳ್ಳುವುದನ್ನೂ ಕಾಯದೆ, "ಒಂದು ನಿಮಿಷ, ನಾನು ಇದನ್ನು ಒಪ್ಪುವುದಿಲ್ಲ," ಎಂದಳು.

ಎಲ್ಲರೂ ತಿರುಗಿ ನೋಡಿದರು.

ದ್ರಾಕ್ಷಿ ಸುಗ್ಗಿಯಲ್ಲಿ ತನ್ನ ತರಗತಿಗೆ ಬಾರದ ಏಳು ಮಂದಿಯಲ್ಲಿ ಐವರು ಕೊಯ್ಲಿನ ಕೂಲಿಗೆ ಹೋಗುತ್ತಿದ್ದರು, ಅವರಿಗಾಗಿ ತಾನು ಪಾಠದ ಹೊತ್ತನ್ನೇ ಸಂಜೆಗೆ ಹಾಕಿಕೊಂಡೆ, ಆಗ ಏಳೂ ಮಂದಿ ಬಂದರು ಎಂದು ಹೇಳಿದಳು. ನಡುವೆ ಇಂಗ್ಲಿಷ್ ಕೈಕೊಟ್ಟಿತು. ಮರಾಠಿಯಲ್ಲೇ ಮುಗಿಸಿ, ಮತ್ತೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ತರುಣ ಬೇರೆ ಮಾತಿಗೆ ಹೊರಳಿದ.

ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿದರು.

"ಚರ್ಚೆಯಾಗ ನೀವು ಆ ತರುಣನ ಮಾತು ತುಂಡು ಮಾಡಿದ್ರಿ ಮ್ಯಾಡಮ್."

"ಹೌದ್ರಿ ಸರ್. ಅಷ್ಟು ಕಲೀಲಿಕ್ಕ ನನಗ ಎರಡು ವಾರ ಹಿಡೀತು."

"ಯಾರು ಕಲಿಸಿದ್ರು?"

"ನನ್ನ ಹುಡುಗರು."

ಹಿರಿಯರು ನಕ್ಕರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇಂಗ್ಲಿಷಿಗೆ ಅಂಕ ಕಡಿಮೆ ಬಿತ್ತು. ಆದರೂ ಮೂರು ವಾರದ ಮೇಲೆ ಕಾಯಂ ಆದೇಶದಲ್ಲಿ ಅವಳ ಹೆಸರಿತ್ತು.

ಅವತ್ತು ಧೈರ್ಯಶೀಲ ದೊಡ್ಡ ಪೊಟ್ಟಣದಲ್ಲಿ ಭಡಂಗ, ಅಂದರೆ ಖಾರದ ಚುರಮುರಿ, ತಂದ, ತಬಸ್ಸುಮ್ ಪೇಡೆ ತಂದಳು. ಉಜ್ವಲಾ ಒಂದು ಪೇಡೆ ಬಾಯಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ಗಡಿಯಾರ ನೋಡಿದಳು.

"ಸಾಕು ಗದ್ದಲ. ಗುರುವಾರ ಇವನ ಸಂದರ್ಶನ ಅದ. ಕುರ್ಚಿ ಎಳೀರಿ. ಧೈರ್ಯಶೀಲ, ಬಾಯಾಗಿನ ಭಡಂಗ ನುಂಗು ಮೊದಲ. ಹೇಳು, ನಮ್ಮ ಕಂಪನಿಗೆ ಯಾಕ ಬರ್ತಿ?"