ಸಪ್ಪಳವಿಲ್ಲದ ನಿದ್ದೆ

ಅಣ್ಣನ ಗೊರಕೆಯಿಂದ ಶುರು ಮಾಡಬೇಕೋ, ಅವನು ತೀರಿಕೊಂಡ ಮಧ್ಯಾಹ್ನದಿಂದಲೋ, ಇನ್ನೂ ತಿಳಿಯುತ್ತಿಲ್ಲ. ಎಲ್ಲಿಂದ ಹಿಡಿದರೂ ನೆನಪು ನನಗಿಂತ ಮುಂದೆ ಓಡಿ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಬಿಡುತ್ತದೆ. ಆಮೇಲೆ ಅದನ್ನು ನಂಬಲು ಆಗುವುದಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಅವನು ಹೋದ, ಇಷ್ಟು ಖಚಿತ. ಉಳಿದದ್ದರಲ್ಲಿ ನಾನು ಹೇಳುವುದಕ್ಕೂ ನನ್ನ ವೈನಿ, ಅಂದರೆ ಅವನ ಹೆಂಡತಿ, ಹೇಳುವುದಕ್ಕೂ ತಾಳೆಯಾಗುವುದಿಲ್ಲ.

ಅಣ್ಣ ಒಣದ್ರಾಕ್ಷಿಯ ವ್ಯಾಪಾರಿ. ಮನೆ ತಿಕೋಟಾದಲ್ಲಿ. ಘೋಣಸಗಿ, ಬಬಲೇಶ್ವರದ ಕಡೆಯ ಶೆಡ್ಡುಗಳಲ್ಲಿ ಬಲೆಯ ಮೇಲೆ ಒಣಗಿಸಿದ ದ್ರಾಕ್ಷಿಯನ್ನು ರೈತರಿಂದ ಎತ್ತಿ ವಿಜಯಪುರಕ್ಕೆ ತಂದು ಮಾರುತ್ತಿದ್ದ. ಶೆಡ್ಡಿಗೆ ಬಂದ ವ್ಯಾಪಾರಿಯ ಅಂಗೈಗೆ ರೈತ ಒಂದು ಮುಷ್ಟಿ ದ್ರಾಕ್ಷಿ ಹಾಕುತ್ತಾನೆ. ಅದನ್ನು ತಿಂದ ಮೇಲೆಯೇ ಮಾತು. ತಿನ್ನದೆ ದರ ಕೇಳಿದರೆ ಮಾಲಿಗೆ ಅವಮಾನ. ಅಣ್ಣ ಹಾಗೆ ದಿನವಿಡೀ ತಿನ್ನುತ್ತಿದ್ದ, ತಿಂದು ಯಾವ ತೋಟದ್ದು ಎಂದು ಹೇಳುತ್ತಿದ್ದ. ಹೇಳಿದ್ದು ಎಷ್ಟು ಸಲ ಸರಿಯಿರುತ್ತಿತ್ತೋ ಗೊತ್ತಿಲ್ಲ. ಸರಿಯಾದದ್ದನ್ನಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ.

ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಮನೆಯಲ್ಲಿ ಯಾರೂ ಎರಡನೇ ಕಾರಣ ಹುಡುಕಲಿಲ್ಲ. ದ್ರಾಕ್ಷಿಯೇ ತಪ್ಪಿತಸ್ಥ. ವೈನಿ ದೇವರ ಮುಂದೆ ನಿಲ್ಲಿಸಿ, ಇನ್ನು ದ್ರಾಕ್ಷಿ ತಿನ್ನುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿಕೊಂಡಳು. ಆಣೆಯನ್ನೂ ವ್ಯಾಪಾರವನ್ನೂ ಉಳಿಸಿಕೊಳ್ಳಲು ಅಣ್ಣ ಒಂದು ಉಪಾಯ ಕಂಡುಕೊಂಡ: ಅಗಿಯುವುದು, ರುಚಿ ನೋಡುವುದು, ಉಗುಳುವುದು. ಘೋಣಸಗಿಯಲ್ಲಿ ಒಮ್ಮೆ ನಾನೂ ಜೊತೆಗಿದ್ದೆ. ಅವನು ಪಕ್ಕಕ್ಕೆ ತಿರುಗಿ ಉಗುಳಿದ್ದನ್ನು ನೋಡಿ ಶೆಡ್ಡಿನ ಯಜಮಾನನ ಮುಖ ಕಪ್ಪಿಟ್ಟಿತು.

"ಯಾಕ್ರೀ ಸಾವ್ಕಾರ್ರ, ನಮ್ಮ ಮಾಲ ಉಗಳಾಕತ್ತೀರಲ್ಲ? ವಿಷಾ ಹಾಕೇವೇನ್ರಿ ಅದರಾಗ?"

"ಹಂಗಲ್ರೀ ಗೌಡ್ರ. ಶುಗರ್ ಬಂದೈತಿ."

"ಶುಗರ್ ಬಂದವರು ಉಪ್ಪಿನ ಯಾಪಾರ ಮಾಡ್ರಿ ಮತ್ತ!"

ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಆ ಮಾಲು ಮಾತ್ರ ಬೇರೆಯವರಿಗೆ ಹೋಯಿತು.

ಇಷ್ಟೆಲ್ಲ ಬಿಟ್ಟರೂ ಸಕ್ಕರೆ ಇಳಿಯಲಿಲ್ಲ. ಗುಳಿಗೆಗಳು ಹೆಚ್ಚಾದವು, ಹೊಟ್ಟೆ ಬೆಳೆಯಿತು, ಕುತ್ತಿಗೆ ದಪ್ಪವಾಗಿ ಅಂಗಿಯ ಮೇಲಿನ ಗುಂಡಿ ಹಾಕಲು ಬಾರದಾಯಿತು. ಜೊತೆಗೆ ಆ ನಿದ್ದೆ. ಚೀಲಗಳ ಮೇಲೆ ಒರಗಿದರೆ ನಿದ್ದೆ, ಊಟದ ಪಂಕ್ತಿಯಲ್ಲಿ ನಿದ್ದೆ, ದರ ಮಾತಾಡುತ್ತಿದ್ದಾಗ ಎದುರಿನವನು ಲೆಕ್ಕ ಹಾಕುವಷ್ಟರಲ್ಲಿ ನಿದ್ದೆ. ಗೊರಕೆ ಓಣಿಗೆ ಕೇಳುತ್ತಿತ್ತು. "ಪುಣ್ಯವಂತ ಬಿಡ್ರಿ, ಬಿದ್ದಲ್ಲಿ ನಿದ್ದಿ" ಎನ್ನುತ್ತಿದ್ದರು ಜನ. ನಮ್ಮಲ್ಲಿ ಗೊರಕೆ ಎಂದರೆ ಸುಖ. ನಿದ್ದೆ ಬಾರದವನಿಗೆ ಮರುಗುತ್ತೇವೆ, ಗೊರಕೆ ಹೊಡೆಯುವವನ ಮೇಲೆ ಹೊಟ್ಟೆಕಿಚ್ಚುಪಡುತ್ತೇವೆ.

ವಿಜಯಪುರದ ಸ್ಟೇಷನ್ ರಸ್ತೆಯ ಒಬ್ಬ ಡಾಕ್ಟರು ಮೊದಲ ಬಾರಿಗೆ ಬೇರೆ ಪ್ರಶ್ನೆ ಕೇಳಿದರು.

"ಏನ ತಿಂತಾರ ಅಂತ ಎಲ್ಲಾ ಹೇಳಿದ್ರಿ. ಹೆಂಗ ಮಲಗತಾರ, ಅದನ್ನ ಹೇಳ್ರಿ."

ವೈನಿಯ ಮುಖ ಅರಳಿತು. ಗಂಡನ ಬಗ್ಗೆ ಒಂದಾದರೂ ಒಳ್ಳೆಯ ಸುದ್ದಿ ಹೇಳಬಹುದಲ್ಲ ಎಂದು. "ಮಲಗೋದರಾಗ ಏನೂ ತ್ರಾಸಿಲ್ರಿ. ತಲಿ ಇಟ್ಟಕೂಡ್ಲೆ ಗೊರಕಿ. ನಡುವ ನಡುವ ಉಸಿರು ನಿಂತಂಗ ಆಕೈತಿ, ಮತ್ತ ಗಕ್ಕನ ಹೊಳ್ಳಿ ಬರತೈತಿ. ನಮ್ಮ ಮಾವಾರ್ದೂ ಹಂಗ ಇತ್ತರಿ."

"ಮಾವಾರು ಏನಾಗಿ ಹೋದ್ರು?"

"ಪುಣ್ಯವಂತ್ರು. ಮಲಗಿದಲ್ಲೇ ಹೋದ್ರು."

ಡಾಕ್ಟರು ಅದನ್ನೂ ಬರೆದುಕೊಂಡರು.

ಎದೆಗೆ, ಬೆರಳಿಗೆ ಏನೇನೋ ಕಟ್ಟಿ ನಿದ್ದೆಯನ್ನು ಪರೀಕ್ಷೆ ಮಾಡಿದರು. ಅವರು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಮಲಗಿದಾಗ ಅಣ್ಣನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿತ್ತು. ಮೈ ಗಾಬರಿಯಾಗಿ ಅವನನ್ನು ಅರೆ ಎಚ್ಚರಿಸಿ ಉಸಿರು ಎಳೆಸುತ್ತಿತ್ತು. ರಾತ್ರಿಯಿಡೀ ಇದೇ. ಗಾಬರಿಯಾದ ಮೈ ಓಡಿಹೋಗಲು ಬೇಕೆಂದು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಮಾತನ್ನು ಕೇಳುವುದಿಲ್ಲ. ನಿದ್ದೆಗೆಟ್ಟವನಿಗೆ ಹಸಿವು ಹೆಚ್ಚು. ಕುತ್ತಿಗೆಯಲ್ಲಿ ಕೊಬ್ಬು ತುಂಬಿದಷ್ಟೂ ಗಂಟಲು ಇನ್ನಷ್ಟು ಇಕ್ಕಟ್ಟು. ಯಾವುದು ಮೊದಲು ಎಂದು ಕೇಳಿದೆ. ಒಂದನ್ನೊಂದು ಬೆಳೆಸುತ್ತವೆ, ಅಂದರು. ಅಂದರೆ ಅಣ್ಣ ನಿದ್ದೆಯೆಂಬ ಹೆಸರಿನಲ್ಲಿ ರಾತ್ರಿಯಿಡೀ ಓಡುತ್ತಿದ್ದ. ಹಗಲು ಬಿದ್ದಲ್ಲಿ ಮಲಗಿದ್ದು ಸುಖದಿಂದಲ್ಲ, ದಣಿವಿನಿಂದ.

ಮೂಗಿಗೆ ಕಟ್ಟಿಕೊಳ್ಳುವ ಮುಖವಾಡ, ಅದಕ್ಕೆ ಗಾಳಿ ಊದುವ ಸಣ್ಣ ಯಂತ್ರ ಬಂತು. ಇದು ಸಕ್ಕರೆಗೆ ಮದ್ದಲ್ಲ, ಗುಳಿಗೆ ಬೇಕು, ನಡೆಯಬೇಕು, ಇದೂ ಬೇಕು ಎಂದು ಡಾಕ್ಟರು ಒತ್ತಿ ಹೇಳಿದರು. ಮೊದಲು ಅಣ್ಣ "ಆನಿ ಸೊಂಡಿ ಕಟ್ಯಾರ ನೋಡ" ಎಂದು ಮೊಮ್ಮಕ್ಕಳನ್ನು ನಗಿಸಿದ. ಕೆಲವು ವಾರಗಳಲ್ಲಿ ಅವನ ಮುಖವೇ ಬೇರೆಯಾಯಿತು. ಮುಂಜಾನೆ ತಲೆನೋವಿಲ್ಲ. ಮಾತಿನ ನಡುವೆ ಕಣ್ಣು ಮುಚ್ಚುತ್ತಿರಲಿಲ್ಲ. ಸಕ್ಕರೆ ತುಸು ಇಳಿಯಿತು. ಅದು ನಡಿಗೆಯಿಂದಲೋ ಯಂತ್ರದಿಂದಲೋ ಹೇಳಲಾರೆ. ಗೊರಕೆಯಂತೂ ಪೂರ್ತಿ ನಿಂತಿತು. ಮೌನಕ್ಕೆ ಒಗ್ಗಿಕೊಳ್ಳಲು ವೈನಿಗೆ ಸಮಯ ಹಿಡಿಯಿತು. ಆಮೇಲೆ ಅವಳು ಅದನ್ನೇ ನೆಚ್ಚಿಕೊಂಡಳು: ಸಪ್ಪಳವಿಲ್ಲ ಎಂದರೆ ಆರಾಮಾಗಿದ್ದಾನೆ.

ಅಷ್ಟರಲ್ಲಿ ದ್ರಾಕ್ಷಿಯ ಹಂಗಾಮು ಬಂತು. ಹಂಗಾಮಿನಲ್ಲಿ ಅಣ್ಣ ಶೆಡ್ಡುಗಳಲ್ಲೇ ಉಳಿಯುತ್ತಿದ್ದ, ರೈತರ ಜೊತೆ ಬಯಲಿನಲ್ಲಿ ಸಾಲಾಗಿ ಮಲಗುತ್ತಿದ್ದ. ಯಂತ್ರವನ್ನು ಒಯ್ಯಲಿಲ್ಲ. ನಾನು ಫೋನಿನಲ್ಲಿ ಜಗಳವಾಡಿದೆ.

"ಕರೆಂಟ್ ಇರತೈತಲ್ಲ ಅಲ್ಲಿ, ಯಾಕ ಒಯ್ಯಂಗಿಲ್ಲ?"

"ತಂಗೀ, ಉಗುಳಿದ್ದಕ್ಕ ಒಬ್ಬಾಂವ ಮಾಲ ಕೊಡಲಿಲ್ಲ. ಉಸಿರಿಗೂ ಮಷಿನ್ ಬೇಕಾದಾಂವನ ಕೈಯಾಗ ಯಾರ ಕೊಡ್ತಾರ ಹೇಳ? ನಮ್ಮದು ಬಾಯಿಮಾತಿನ ಯಾಪಾರ. ಮನಷಾ ಗಟ್ಟಿ ಅದಾನ ಅಂತ ನೋಡೇ ಚೀಲ ಎತ್ತಿಸ್ತಾರ."

"ಜೀವಕ್ಕಿಂತ ಯಾಪಾರ ದೊಡ್ಡದೇನ?"

"ಹಂಗಾಮ ಮುಗೀಲಿ. ಆಮ್ಯಾಲ ನಿನ್ನ ಮಾತ ಕೇಳ್ತೇನಿ, ಸೊಂಡಿ ಬಿಚ್ಚಂಗೇ ಇಲ್ಲ."

ಹಂಗಾಮು ಮುಗಿಯುವ ಹೊತ್ತಿಗೆ ಡಾಕ್ಟರಿಗೆ ತೋರಿಸಲೆಂದು ಅಣ್ಣ, ವೈನಿ ಇಬ್ಬರೂ ವಿಜಯಪುರಕ್ಕೆ, ಸೊಲ್ಲಾಪುರ ರಸ್ತೆಯ ಹಿಂದಿನ ನಮ್ಮ ಮನೆಗೆ ಬಂದರು. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ. ಅಣ್ಣ ಬಿಸಿಲಿನಲ್ಲಿ ಕಪ್ಪಾಗಿದ್ದ, ಕಾಲು ಬಾತಿತ್ತು. ಉಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನಾವಿಬ್ಬರೂ ಅಡುಗೆಮನೆಯಲ್ಲಿ ಕೂತೆವು. ಮೊದಲು ಗೊರಕೆ ಕೇಳಿಸಿತೇ? ನನಗೆ ಕೇಳಿಸಿದಂತೆ ನೆನಪು. ವೈನಿ ಇಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಮೊಣಕೈ ಹಿಡಿದಳು.

"ಕೇಳವಾ. ಸಪ್ಪಳಿಲ್ಲ. ಮಷಿನ್ ಹಾಕ್ಕೊಂಡಾರ ಕಾಣತೈತಿ. ನಿನ್ನ ಮನ್ಯಾಗರೆ ಮಾತ ಕೇಳಿದ್ರ."

ನಾನು ಚಟ್ನಿ ಅರೆಯಲು ಮಿಕ್ಸರಿಗೆ ಕೈ ಹಾಕಿದ್ದೆ, ಅವಳು ಬೇಡ ಅಂದಳು. ಹೊರಗೆ ಕೂಗುತ್ತಿದ್ದ ತರಕಾರಿಯವಳನ್ನು ಕೈಸನ್ನೆಯಿಂದ ಮುಂದೆ ಕಳಿಸಿದಳು. ನಾವು ಪಿಸುಮಾತಿನಲ್ಲಿ ನಕ್ಕೆವು. ಅಷ್ಟು ಹಗುರಾಗಿ ನಕ್ಕಿದ್ದು ಬಹಳ ದಿನಗಳ ಮೇಲೆ.

ಚಹಾ ಹಿಡಿದು ಒಳಗೆ ಹೋದವಳು ವೈನಿ. ಅವಳ ಹಿಂದೆ ನಾನು. ನನ್ನ ನೆನಪಿನಲ್ಲಿ ಅಣ್ಣನ ಮುಖದ ಮೇಲೆ ಮುಖವಾಡವಿದೆ, ಅದರ ಪಟ್ಟಿ ಕಿವಿಯ ಹತ್ತಿರ ಮಡಚಿರುವುದೂ ಕಾಣುತ್ತದೆ. ಆದರೆ ಯಂತ್ರ ಆ ದಿನ ತಿಕೋಟಾದ ಮನೆಯ ಕಪಾಟಿನಲ್ಲೇ ಇತ್ತು. ಬಂದದ್ದು ಅಣ್ಣ ತಾನೇ ತುಂಬಿಕೊಂಡಿದ್ದ ಬಟ್ಟೆಯ ಚೀಲವೊಂದೇ. ಇಲ್ಲದ್ದನ್ನು ನಾನು ಇಷ್ಟು ಸ್ಪಷ್ಟವಾಗಿ ಏಕೆ ನೋಡುತ್ತೇನೆ?

ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು. ಯಂತ್ರವಿದ್ದಿದ್ದರೆ ಉಳಿಯುತ್ತಿದ್ದನೇ ಎಂಬ ಪ್ರಶ್ನೆಗೆ ಡಾಕ್ಟರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ವೈನಿ ಅವರಿಗೆ ಅದನ್ನು ಕೇಳಲೇ ಇಲ್ಲ. ನನ್ನನ್ನು ಕೇಳುತ್ತಾಳೆ, ಬೇರೆ ಮಾತು. ನಾನು ತಿಕೋಟಾಕ್ಕೆ ಹೋದಾಗಲೆಲ್ಲ, ತಟ್ಟೆ ಮುಂದಿಟ್ಟು, ನಾನು ಮೊದಲ ತುತ್ತು ಎತ್ತುವ ಮುಂಚೆ.

"ಆವತ್ತರೆ ಅವರಿಗೆ ಚಲೋ ನಿದ್ದಿ ಹತ್ತಿತ್ತಲ್ಲ?"

ಹೌದು ವೈನಿ, ಹತ್ತಿತ್ತು, ಅನ್ನುತ್ತೇನೆ. ಆಗ ಅವಳು ರೊಟ್ಟಿ ಬಡಿಸುತ್ತಾಳೆ.