ಬೀಗರ ಮನೆಯಲ್ಲಿ ಬಾಣಂತನ

ಮಗಳ ಮೊದಲ ಬಾಣಂತನವನ್ನು ನಾನು ಇಂಡಿ ಊರಿನ ನನ್ನ ಮನೆಯಲ್ಲಿ ಅರ್ಧ ಮಾಡಿದೆ, ಸಿಂದಗಿಯ ಅವಳ ಅತ್ತೆಯ ಮನೆಯಲ್ಲಿ ಅರ್ಧ ಮಾಡಿದೆ. ಇದನ್ನು ಹೇಳಿದರೆ ನಮ್ಮ ಕಡೆಯ ಹೆಂಗಸರು ಈಗಲೂ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ತವರಿಗೆ ಅಂಥದೇನು ಕೊರತೆ ಬಂದಿತ್ತು ಎಂದು ಕೇಳುತ್ತಾರೆ. ಕೊರತೆ ನಮ್ಮದಲ್ಲ. ಮೇಲಿನ ಶಿವ ನಮ್ಮ ಮನೆಯಲ್ಲಿ ಹಾಲು ಹಯನು ಇಟ್ಟಿದ್ದ, ಹಿತ್ತಲಲ್ಲಿ ನಿಂಬೆಗಿಡ ಇಟ್ಟಿದ್ದ, ಬಾಣಂತಿಗೆ ನೀರೆರೆಯಲು ನನ್ನ ತೋಳಿನಲ್ಲಿ ಶಕ್ತಿ ಇಟ್ಟಿದ್ದ. ಕೊರತೆ ಇದ್ದದ್ದು ಕಾಲೇಜಿನಲ್ಲಿ.

ಮಗಳು ಎಂ.ಎ. ಮಾಡಿಕೊಂಡು ಸಿಂದಗಿಯಲ್ಲಿ, ವಿಶ್ವವಿದ್ಯಾಲಯದ ಕೈಕೆಳಗಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಹೆಸರಿಗೆ ಅರೆಕಾಲಿಕ. ಪಾಠ ಮಾತ್ರ ಪೂರ್ತಿ ದಿನದ್ದು. ಬೇಸಿಗೆಯ ಪರೀಕ್ಷೆ ಮುಗಿದರೆ ಮನೆಗೆ ಕಳಿಸುವರು, ಮಳೆಗಾಲಕ್ಕೆ ಬಾಗಿಲು ತೆರೆದಾಗ ಮತ್ತೆ ಕರೆಯುವರು. ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ವಿಭಾಗದಲ್ಲಿ ಮುದ್ದೇಬಿಹಾಳದ ಕಡೆಯ ಒಬ್ಬ ಹೆಣ್ಣುಮಗಳು ಕಾಯಂ ನೌಕರಿಯಲ್ಲಿದ್ದರು. ಪಾಠ ಹೇಳುವ ಹೆಂಗಸರನ್ನೆಲ್ಲ ನಾವು ಬಾಯಾರು ಎನ್ನುತ್ತೇವೆ, ನಾನು ಅವರನ್ನೂ ಹಾಗೆಯೇ ಕರೆದೆ. ಅವರಿಗೂ ನನ್ನ ಮಗಳಿಗೂ ಒಂದೇ ವಯಸ್ಸು, ಕೂರಲು ಒಂದೇ ಮೇಜು. ಆ ವರ್ಷ ಇಬ್ಬರೂ ಬಸುರಿಯರಾದರು. ಬಾಯಾರು ಎರಡು ತಿಂಗಳು ಮುಂದಿದ್ದರು.

ಮಗಳ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆ, ಸಿಂದಗಿಗೆ ಹೋಗಿದ್ದೆ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಸುರಿಯನ್ನು ಮಣೆಯ ಮೇಲೆ ಕೂರಿಸಿದ್ದೆವು. ಬಾಯಾರು ತುಂಬಿದ ಹೊಟ್ಟೆ ಹೊತ್ತುಕೊಂಡು ಬಂದರು. ಬೀಗತಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದರು.

"ಇನ್ನೂ ಕಾಲೇಜಿಗೆ ಹೊಂಟೀಯೇನವ್ವಾ? ಅಲ್ಲೇ ಹಡದಗಿಡದೀ!"

"ಇಲ್ರಿ, ಬರೂ ವಾರದಿಂದ ರಜಾ ತೊಗೊಂಡೇನಿ. ಪಗಾರ ಚಾಲೂನ ಇರ್ತೈತ್ರಿ."

"ಪುಣ್ಯಾ ಮಾಡೀರಿ ಬಾಯಾರ," ಎಂದೆ. "ನಿಮ್ಮ ಪಾಠ ಯಾರ ಮಾಡ್ತಾರ?"

ಬಾಯಾರು ನನ್ನ ಮಗಳ ಕಡೆ ನೋಡಿದರು. ಮಣೆಯ ಮೇಲಿದ್ದ ಅವಳು ತಲೆ ಎತ್ತದೆ ಹೇಳಿದಳು: "ನಾನ, ಯವ್ವಾ."

"ನಿನ್ನ ಪಾಠದ ಜೋಡಿ ಅವರದೂ?" ಎಂದೆ. "ಮತ್ತ ನಿನ್ನ ಹೊಟ್ಟಿಗೆ ರಜಾ ಯಾವಾಗ?"

"ನನಗ ರಜಾ ಇಲ್ಲ ಯವ್ವಾ. ರಜಾ ಕೇಳಿದ್ರ ನೌಕರಿ ಬಿಟ್ಟಂಗ."

ಬೀಗತಿ ನನ್ನನ್ನು ಮೊಣಕೈಯಿಂದ ತಿವಿದರು. "ಕುಬಸದಾಗ ಕಚೇರಿ ಮಾತ್ಯಾಕ್ರಿ ಬೀಗತಿ? ಹಾಡ ಹೇಳ್ರಿ." ಹಾಡಿದೆ. ನನ್ನ ದನಿ ನನಗೇ ಚೆನ್ನಾಗಿ ಕೇಳಲಿಲ್ಲ. ಮುಂದಿನ ವಾರದಿಂದ ಒಬ್ಬ ಬಸುರಿ ಮಲಗಲಿಕ್ಕೆಂದು ಇನ್ನೊಬ್ಬ ಬಸುರಿ ಎರಡರಷ್ಟು ನಿಲ್ಲಬೇಕಾಯಿತು. ಬಾಯಾರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರಿಗೆ ಸಿಕ್ಕಿದ್ದು ನ್ಯಾಯವಾದದ್ದೇ. ಆ ನ್ಯಾಯ ಮೇಜಿನ ಅರ್ಧಕ್ಕೇ ಯಾಕೆ ನಿಂತಿತು ಎನ್ನುವುದಷ್ಟೇ ತಿಳಿಯಲಿಲ್ಲ.

ಮಗಳನ್ನು ಇಂಡಿಗೆ ಕರೆದೊಯ್ಯುವ ಮೊದಲು ನಾನೇ ಪ್ರಿನ್ಸಿಪಾಲರ ಹತ್ತಿರ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಹಿತ್ತಲ ನಿಂಬೆಹಣ್ಣು ಒಯ್ದಿದ್ದೆ. ಒಳ್ಳೆಯ ಮನುಷ್ಯ, ಎದ್ದು ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ಅವ್ವಾರ, ಆಕಿ ಶ್ಯಾಣ್ಯಾಕಿ ಅದಾಳ. ಆದ್ರ ರಜಾ ಕಾಯ್ದೆದಾಗ ಕೂಡ್ರೂದಿಲ್ರಿ. ಆಕಿ ಕಾಯಂ ಅಲ್ಲ."

"ಮುದ್ದೇಬಿಹಾಳದ ಬಾಯಾರ ಹೊಟ್ಟಿ ಕಾಯಂ ಐತೇನ್ರಿ ಸರ?"

ಅವರು ನಕ್ಕರು. ನಾನು ನಗಿಸಲು ಹೋಗಿರಲಿಲ್ಲ.

"ಪಗಾರ ಬ್ಯಾಡ್ರಿ," ಎಂದೆ. "ಆಕಿ ಬರೂ ಮಟಾ ಜಾಗಾ ಹಿಡೀರಿ, ಸಾಕು."

"ನೀವ ಹೇಳ್ರಿ. ಮೊದಲ ಬಾಣಂತನ ತವರಮನ್ಯಾಗ. ಐದು ತಿಂಗಳಿಗೆ ತೊಟ್ಟಿಲ ಕೊಟ್ಟು ಕಳಸ್ತೀರಿ. ನಮ್ಮ ಮನ್ಯಾಗೂ ಅದ ಪದ್ಧತಿ. ಅಲ್ಲಿ ಮಟಾ ಹುಡುಗೂರು ಸುಮ್ಮ ಕುಂದ್ರಬೇಕೇನ್ರಿ?"

"ಬಾಯಾರಿಗೂ ಅದ ಪದ್ಧತಿ ಐತೆಲ್ರಿ."

"ಅವರ ಮಾತ ಬ್ಯಾರೆ ಐತ್ರಿ."

ನಮ್ಮ ಅಜ್ಜಿಯರು ಬಾಣಂತಿಯ ಮೈ ಗಟ್ಟಿಯಾಗಲಿ ಎಂದು ಮಾಡಿದ ಪದ್ಧತಿ, ಆ ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ ನನ್ನ ಮಗಳ ಬಾಗಿಲಿಗೆ ಹಾಕುವ ಚಿಲಕವಾಯಿತು. ಚಹಾ ಕೆಳಗಿಟ್ಟೆ.

"ಕಾಲೇಜು ತೆರೆಯೂ ದಿನಾ ಆಕಿ ಬಂದು ನಿಂತ್ರ?"

"ನಿಂತ್ರ ಪಾಠ ಆಕೀವ. ಆದ್ರ ನೀವ ಕಳಸಂಗಿಲ್ಲ ಬಿಡ್ರಿ, ನನಗ ಗೊತ್ತಿಲ್ಲೇನು?"

ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮಗಳು ಕಡು ಬೇಸಿಗೆಯಲ್ಲಿ, ಕಾಲೇಜಿನ ಸೂಟಿಯೊಳಗೇ ಹಡೆದಳು. ಹೆಣ್ಣುಕೂಸು. ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ, ಕೂಸು ಹುಟ್ಟುತ್ತಲೇ ಅತ್ತಿತು, ಹಾಲು ತಡವಾಗಲಿಲ್ಲ. ಒಂದೊಂದಕ್ಕೂ ದೇವರ ಮುಂದೆ ಎಣ್ಣೆ ಹಾಕಿದೆ. ಆದರೆ ಕಾಲೇಜು ತೆರೆಯುವ ದಿನಕ್ಕೆ ಕೂಸಿಗೆ ಎರಡು ತಿಂಗಳೂ ತುಂಬುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಮೂರನೆಯ ತಿಂಗಳಲ್ಲಿ ಬಾಣಂತಿ ಬಾವಿಗೆ ಹೋಗಿ ಗಂಗಿಪೂಜೆ ಮಾಡುತ್ತಾಳೆ. ಅಲ್ಲಿಯವರೆಗೆ ಅವಳು ಹಳ್ಳ ದಾಟುವಂತಿಲ್ಲ, ಊರು ಬಿಡುವಂತಿಲ್ಲ. ನಾನು ಬಾವಿಯ ಗಂಗವ್ವನಿಗೆ ಕೈಮುಗಿದು ಪೂಜೆಯನ್ನು ದಿನ ಬರುವ ಮೊದಲೇ ಇಟ್ಟುಕೊಂಡೆ. ಅಂಬಲಿಗೂ ಹೋಳಿಗೆಗೂ ಭೇದ ಮಾಡದ ತಾಯಿ ಅವಳು, ದಿನಕ್ಕೆ ಭೇದ ಮಾಡಿಯಾಳೇ?

ಪೂಜೆಗೆ ಬಂದ ಬೀಗತಿ ಬಾವಿಯ ದಂಡೆಯ ಮೇಲೆಯೇ ಜಗಳ ತೆಗೆದರು.

"ಹಸಿ ಬಾಣಂತೀನ ಹೊರಗ ಹಾಕತೀರಿ? ಸೊಂಟಾ ಹಿಡದ್ರ ನಾಳೆ ಯಾರ ನೋಡ್ತಾರ?"

"ನಾ ನೋಡ್ತೇನಿ. ನಾನೂ ಬರ್ತೇನಿ ನಿಮ್ಮ ಮನಿಗೆ."

"ಅಯ್ಯ! ಬೀಗತೀನ ಮನ್ಯಾಗ ಇಟಗೊಂಡು ಬಾಣಂತನಾ ಮಾಡಸಿದ್ರ ಮಂದಿ ನನ್ನ ಮಾರಿಗೆ ಉಗಳ್ತಾರ."

"ನನಗೂ ಉಗಳ್ತಾರ. ಇಬ್ರೂ ಕೂಡೇ ಒರಸ್ಕೊಳ್ಳೂಣು ಬರ್ರಿ."

ಅವರು ಸೆರಗು ಬಾಯಿಗೆ ಒತ್ತಿ ಹಿಡಿದರು. ಸಿಟ್ಟೋ ನಗೆಯೋ ತಿಳಿಯಲಿಲ್ಲ. ಬೇಡ ಎನ್ನಲಿಲ್ಲ, ಅಷ್ಟೇ ನನಗೆ ಸಾಕಾಗಿತ್ತು.

ಕಾಲೇಜು ತೆರೆಯುವ ದಿನ ಬೆಳಗಿನ ಬಸ್ಸಿಗೆ ಹೊರಟೆವು. ಮಗಳ ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಸ್ಕಾರ್ಫು, ನನ್ನ ಮಡಿಲಲ್ಲಿ ತಲೆ ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿದ ಕೂಸು. ದಾರಿಯಲ್ಲಿ ತಾಂಬಾ ಊರಿನಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕುಳಿತು ಕುಂಚಿಗೆ ಸರಿಸಿ ಕೂಸಿನ ಮುಖ ನೋಡಿದಳು.

"ಹಸಗೂಸ ಹೊತಗೊಂಡು ಎಲ್ಲಿಗೆ ಹೊಂಟೀರಿ?"

"ಕಾಲೇಜಿಗೆ."

"ಇಷ್ಟ ಲಗೂ ಹೆಸರ ಹಚ್ಚತೀರೇನು ಕೂಸಿಂದು?" ಎಂದು ಮುದುಕಿ ಕೇಳಿದಾಗ, ಎಷ್ಟೋ ದಿನಗಳ ಮೇಲೆ ಮಗಳು ನಕ್ಕಳು.

ಪ್ರಿನ್ಸಿಪಾಲರು ನಮ್ಮನ್ನು ಬಾಗಿಲಲ್ಲಿ ಕಂಡವರೇ ಕುರ್ಚಿಯಿಂದ ಅರ್ಧ ಎದ್ದರು.

"ಖರೇನ ಬಂದ್ರಿ?"

"ನಿಂತ್ರ ಪಾಠ ಆಕೀವ ಅಂದಿದ್ರಿ. ನಿಂತಾಳ ನೋಡ್ರಿ."

ಅವರು ಕನ್ನಡಕ ಒರೆಸಿಕೊಂಡರು. ಬರುವುದಿಲ್ಲವೆಂದು ತಿಳಿದು ಬೇರೊಬ್ಬ ಹುಡುಗಿಗೆ ಮಾತು ಕೊಟ್ಟುಬಿಟ್ಟಿದ್ದರು. ಕೊನೆಗೆ ಪಾಠಗಳನ್ನು ಒಡೆದರು. ಮುಂಜಾನೆಯವು ನನ್ನ ಮಗಳಿಗೆ, ಮಧ್ಯಾಹ್ನದವು ಆ ಹುಡುಗಿಗೆ. ಬಾಯಾರ ಪಾಠವನ್ನೂ ಹೊತ್ತವಳಿಗೆ ಅವಳ ಪಾಠವೇ ಅರ್ಧವಾಗಿ ಬಂತು. ನಾನು ಬಾಯಿ ತೆರೆಯುವುದರಲ್ಲಿದ್ದೆ. ಮಗಳು ನನ್ನ ಕೈ ಹಿಸುಕಿ, "ಗಂಟಿ ಹೊಡೀತು, ನಾ ಹೋಗ್ತೇನಿ," ಎಂದು ಸೀಮೆಸುಣ್ಣದ ಕಡ್ಡಿ ಎತ್ತಿಕೊಂಡು ಹೋದಳು.

ನಾನು ಕೂಸಿನೊಂದಿಗೆ ಮಗಳೂ ಬಾಯಾರೂ ಕೂರುವ ಮೇಜಿನ ಬಳಿ ಕುಳಿತೆ. ರಜೆ ಮುಗಿಸಿ ಬಾಯಾರೂ ಅವತ್ತೇ ಬಂದಿದ್ದರು. ಗಂಡುಮಗು, ಮುದ್ದೇಬಿಹಾಳದಲ್ಲಿ ಅವರ ತಾಯಿಯ ಹತ್ತಿರವಿತ್ತು. ಆಗಿನ ಕಾಯ್ದೆಯ ರಜೆ ಅಷ್ಟೇ, ಮುಗಿದಿತ್ತು, ತೊಟ್ಟಿಲು ಕೊಟ್ಟು ಕಳಿಸುವ ತಿಂಗಳು ಇನ್ನೂ ಬಂದಿರಲಿಲ್ಲ.

ಕೂಸು ಎಚ್ಚರವಾಗಿ ಅಳತೊಡಗಿತು. ತಟ್ಟಿದೆ, ತೂಗಿದೆ, ಅಳು ಏರುತ್ತಲೇ ಹೋಯಿತು. ಗೋಡೆಯಾಚೆ ಮಗಳ ಪಾಠದ ದನಿ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಬಾಯಾರು ಸೆರಗು ಎದೆಗೆ ಒತ್ತಿ ಹಿಡಿದಿದ್ದರು. ರವಿಕೆ ಒದ್ದೆಯಾಗಿತ್ತು.

"ಕೊಡ್ರಿ ಇಲ್ಲೆ," ಎಂದರು. ಬಾಗಿಲು ಎಳೆದು ಮುಚ್ಚಿ ಗೋಡೆಯ ಕಡೆ ತಿರುಗಿ ಕುಳಿತರು. ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಅವರ ಭುಜ ಅಲುಗುವುದು ಕಂಡಿತು. "ನಮ್ಮ ಕೂಸ ಈಗ ಬಾಟ್ಲಿ ಹಾಲ ಕುಡೀತಿರಬೇಕ್ರಿ," ಎಂದರು.

ಪಗಾರದ ರಜೆ ಇದ್ದವಳೂ ಅಳುತ್ತಿದ್ದಳು, ಇಲ್ಲದವಳು ಗೋಡೆಯಾಚೆ ನಿಂತಿದ್ದಳು. ಕಾಯ್ದೆ ಮಾಡಿದವರಲ್ಲಿ ಯಾರೊಬ್ಬರೂ ಎಂದೂ ಒಂದು ಕೂಸಿಗೆ ನೀರೆರೆದಿರಲಿಕ್ಕಿಲ್ಲ ಎಂದುಕೊಂಡೆ.

ಪಾಠ ಮುಗಿಸಿ ಮಗಳು ಓಡುತ್ತಲೇ ಬಂದಳು. ಬಾಯಾರ ಮಡಿಲಲ್ಲಿ ಕೂಸು ಹೊಟ್ಟೆ ತುಂಬಿ ಮಲಗಿದ್ದನ್ನು ಕಂಡು ಬಾಗಿಲಲ್ಲೇ ನಿಂತಳು. ಮುಂಜಾನೆಯ ಪಾಠ ಸಿಕ್ಕಿತು, ಊಟದ ಹೊತ್ತಿಗೆ ಮನೆಯಲ್ಲಿರಬಹುದು, ಬೀಗತಿ ನೀರು ಕಾಸಿಟ್ಟಿರುತ್ತಾರೆ. ಇಷ್ಟಕ್ಕೆ ಅಲ್ಲಿಯೇ ದೇವರಿಗೆ ಕೈಮುಗಿದೆ. ಎದುರಿನ ಕೋಣೆಯಿಂದ ನೋಡುತ್ತಿದ್ದ ಪ್ರಿನ್ಸಿಪಾಲರು ತಮಗೇ ಎಂದು ತಿಳಿದು ತಾವೂ ಕೈ ಜೋಡಿಸಿದರು. ನಾನು ಕೈ ಇಳಿಸಿ ಕೂಸನ್ನು ಎತ್ತಿಕೊಂಡೆ.